ಬಟ್ಟಲಿನ ಮೂರನೆಯ ಕಾಳು

ನಾವು ಅವಳಿಗಳು. ಅವ್ವನ ಎದೆಹಾಲು ಇಬ್ಬರಿಗೆ ಸಾಲದೆ, ಅಕ್ಕನನ್ನು ನಲವತ್ತನೆಯ ದಿನಕ್ಕೆ ಔರಾದಿನ ಚಿಗವ್ವ, ಅವ್ವನ ಮಕ್ಕಳಿಲ್ಲದ ತಂಗಿ, ಒಯ್ದಳು. ನಾನು ಭಾಲ್ಕಿಯಲ್ಲೇ ಉಳಿದೆ. ಅಂಗಡಿಕಾರರ ಮನೆಯಲ್ಲಿ ಬೆಳೆದ ಅಕ್ಕ ಅರ್ಧ ಮರಾಠಿ ಬೆರೆಸಿ ಪಟಪಟ ಮಾತಾಡುವವಳಾದಳು. ಒಕ್ಕಲು ಮನೆಯ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳಾದೆ. ಆದರೂ ಇಬ್ಬರೂ ರೊಟ್ಟಿಯ ಅಂಚು ಮುರಿದು ಬದಿಗಿಟ್ಟು, ಅದನ್ನು ಕೊನೆಗೆ ತಿನ್ನುತ್ತಿದ್ದೆವು. ಯಾರೂ ಕಲಿಸಿದ್ದಲ್ಲ.

ಬೇಸಿಗೆಯಲ್ಲಿ ಬೀದರಿನ ಅಜ್ಜಿಯ ಮನೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ಒಮ್ಮೆ ನಮ್ಮಲ್ಲೊಬ್ಬಳು ಮೆಟ್ಟಿಲುಬಾವಿಗೆ ಜಾರಿದಳು. ಅಜ್ಜಿ ಜಡೆ ಹಿಡಿದು ಎಳೆದುಕೊಂಡಳು. ಮೂಗಿನೊಳಗೆ ನೀರು ಹೊಕ್ಕ ಉರಿ ನನಗೆ ಇಂದಿಗೂ ನೆನಪಿದೆ. ಅಕ್ಕನಿಗೂ ಇದೆ.

"ಬಿದ್ದಾಕಿ ನಾ. ನೀ ದಂಡಿ ಮ್ಯಾಲ ನಿಂತು ಅಳ್ಲಕತ್ತಿದ್ದಿ," ಎನ್ನುತ್ತಿದ್ದಳು ಅಕ್ಕ.

"ಅಳ್ತಿದ್ದಾಕಿ ನೀ. ಆ ಜಡಿ ನಂದು," ಎನ್ನುತ್ತಿದ್ದೆ ನಾನು.

ಅಜ್ಜಿಯನ್ನು ಕೇಳಿದರೆ, "ಕೈಗಿ ಸಿಕ್ಕ ಜಡಿ ಎಳದೀನಿ. ಮುಖ ನೋಡಿದ್ರ ಮಾತ್ರ ಏನ್ ತಿಳೀತಿತ್ತು?" ಎಂದುಬಿಟ್ಟಳು.

ನಮಗೆ ಐವತ್ತು ಸಮೀಪಿಸಿದಾಗ ಅಕ್ಕನ ಮಗ ಔರಾದಿನಿಂದ ಬಂದ. "ಚಿಗವ್ವ, ಅವ್ವ ಒಂದೇ ಮುಂಜಾನಿ ಮೂರು ಸಲ ಲಿಂಗಪೂಜಿ ಮಾಡ್ತಾಳ್ರಿ. ಮಾಡಿದ್ದು ಮರೀತಾಳ. ಉಣ್ಣಾಕ ಕುಂತಾಕಿ ಎದ್ದು ಮತ್ತ ಜಳಕಕ್ಕ ಹೋಗ್ತಾಳ್ರಿ."

ಪೂಜೆಯಾಗದೆ ನಮ್ಮ ಮನೆಗಳಲ್ಲಿ ತುತ್ತು ಬಾಯಿಗಿಡುವುದಿಲ್ಲ. ಅಕ್ಕ ಹಾಗಾಗಿ ಉಪವಾಸ ಬಿದ್ದು ಸೊರಗಿದ್ದಳು. ಹುಟ್ಟುವಾಗ ಅವಳು ಮುಂದೆ, ನಾನು ಅವಳ ಹಿಂದೆಯೇ ಬಂದವಳು. ಈ ಮರೆವಿನಲ್ಲಿಯೂ ಹಾಗೆಯೋ?

ಬೀದರಿಗೆ ಹೋಗಿ ಹಕೀಮರನ್ನು ಕೇಳಿದೆ.

"ಹಿಟ್ಟು ಒಂದೇ, ಹಂಚು ಬ್ಯಾರೆ ಬ್ಯಾರೆ," ಎಂದರು. "ಒಂದು ರೊಟ್ಟಿ ಹೊತ್ತಿದ್ರ ಇನ್ನೊಂದೂ ಹೊತ್ತಬೇಕಂತಿಲ್ಲ."

"ಹೊತ್ತಂಗಿಲ್ಲ ಅಂತನೂ ಇಲ್ಲಲ್ರಿ?"

ಅವರು ತಲೆ ತಗ್ಗಿಸಿ ಔಷಧಿ ಅರೆಯತೊಡಗಿದರು.

ಬಂಡಿ ಕಟ್ಟಿಸಿಕೊಂಡು ಔರಾದಿಗೆ ಹೋದೆ. ನೋಡಲು ಹೋದದ್ದು ಅಕ್ಕನನ್ನು, ಹುಡುಕಿದ್ದು ಮಾತ್ರ ಕಾರಣವನ್ನು. ಅವಳು ಕುಡಿದ ನೀರು, ಗಂಡ ಸತ್ತ ದುಃಖ, ಹೋದ ವರ್ಷ ತಿಂಗಳುಗಟ್ಟಲೆ ಕಾಡಿದ ಜ್ವರ. ಜ್ವರದಿಂದಲೇ ಆಗಿರಲಿ ಎಂದು ಬೇಡಿಕೊಂಡೆ. ಜ್ವರ ಅವಳಿಗೆ ಬಂದದ್ದು, ನನಗಲ್ಲ. ಹೀಗೆ ಬೇಡಿಕೊಂಡದ್ದಕ್ಕೆ ನಾಚಿ, ಅವಳನ್ನು ಭಾಲ್ಕಿಗೆ ಕರೆತಂದೆ.

ಪೂಜೆ ಮುಗಿದೊಡನೆ ಹಿತ್ತಾಳೆ ಬಟ್ಟಲಿಗೆ ಒಂದು ಜೋಳದ ಕಾಳು ಹಾಕುವುದನ್ನು ಅವಳಿಗೆ ರೂಢಿ ಮಾಡಿಸಿದೆ. ಸಂಜೆ ಬಟ್ಟಲು ಖಾಲಿ ಮಾಡುತ್ತಿದ್ದೆ. ನನ್ನ ಪೂಜೆ ಮುಗಿದೊಡನೆ ನಾನೂ ಒಂದು ಹಾಕುತ್ತಿದ್ದೆ. ಅವಳಿಗೆ ಒಬ್ಬಳೇ ಎಂಬ ಸಂಕೋಚ ಬೇಡವೆಂದು ಹೀಗೆ ಮಾಡುತ್ತೇನೆ ಎಂದು ಸೊಸೆಗೆ ಹೇಳಿದ್ದೆ. ನಿಜವಾದ ಕಾರಣ ಹೇಳಿರಲಿಲ್ಲ. ಅಕ್ಕ ಮತ್ತೆ ಜಳಕಕ್ಕೆ ಎದ್ದರೆ ಬಟ್ಟಲು ತೋರಿಸುತ್ತಿದ್ದೆ.

"ಕಾಳು ಬಿದ್ದಾವ ನೋಡು. ಕುಂತು ಉಣ್ಣು."

"ಕಾಳು ತೋರಿಸಿ ಕರೀತಿ. ನನಗ ಕೋಳಿ ಮಾಡಿಟ್ಟಿ," ಎಂದು ನಗುತ್ತಾ ಕೂರುತ್ತಿದ್ದಳು. ಎರಡು ತಿಂಗಳಲ್ಲಿ ಮೈ ತುಂಬಿಕೊಂಡಳು.

ಶ್ರಾವಣದ ಒಂದು ಬೆಳಿಗ್ಗೆ ಬಟ್ಟಲಲ್ಲಿ ಮೂರು ಕಾಳುಗಳಿದ್ದವು.

"ಎರಡು ಹಾಕೀದೇನು?" ಎಂದೆ.

"ಒಂದ ಹಾಕೀನಿ."

ಸೊಸೆ ರೊಟ್ಟಿ ಬಡಿಯುತ್ತಲೇ, "ನಾ ಮುಟ್ಟಿಲ್ರಿ ಅತ್ತಿ," ಎಂದಳು.

ನನ್ನ ಪೂಜೆ ನಸುಕಿನಲ್ಲೇ ಮುಗಿದಿತ್ತು. ಒಂದೇ ಕಾಳು ಹಾಕಿದ್ದೆ. ಅಕ್ಕ ನನ್ನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟಳು.

"ಮರಿಯಾಕಿ ನಾನಲ್ಲೇನು? ಆ ಕಾಳು ನಂದೇ ಅಂತ ತಿಳ್ಕೊ," ಎಂದಳು. "ಬಾವಿ ಮಾತ್ರ ಬಿಟ್ಟುಕೊಡಂಗಿಲ್ಲ."

ಆಮೇಲೆ ರೊಟ್ಟಿಯ ಅಂಚು ಮುರಿದು ಬದಿಗಿಟ್ಟಳು. ನಾನು ಹಣೆ ಮುಟ್ಟಿಕೊಂಡೆ. ನಸುಕಿನಲ್ಲಿ ಪೂಜೆಗೆ ಹಚ್ಚಿದ ವಿಭೂತಿ ಆ ಹೊತ್ತಿಗೆ ಒಣಗಿ ಉದುರಬೇಕಿತ್ತು. ಬೆರಳಿಗೆ ಹಸಿ ವಿಭೂತಿ ಹತ್ತಿತು.