ಒಲೆಯ ಪಕ್ಕದ ಮ್ಯಾಗ್ನೆಟೋ

೧೯೩೪ರಲ್ಲಿ ನಾನು ಸಿಂಧಘಟ್ಟದ ಪಟೇಲರ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದೆ. ನಿಮ್ಮ ತಾತ ಅದೇ ಮನೆಯ ಕಾರಿನ ಡ್ರೈವರಾಗಿದ್ದವರು. ಅವರು ತೀರಿಕೊಂಡ ಮೇಲೆ ಓಡಿಸುವವರಿಲ್ಲದೆ ಕಾರು ಎರಡು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಹಾಲು ತರಲು ಹೋದಾಗಲೆಲ್ಲ ಅದರ ಸ್ಟೀರಿಂಗ್ ಮುಟ್ಟಿ ಬರುತ್ತಿದ್ದೆ. ಅವರ ಕೈ ಇರುತ್ತಿದ್ದ ಜಾಗ ಸವೆದು ನುಣುಪಾಗಿತ್ತು.

ಪಟೇಲರು ಅದನ್ನು ಮಾರಲು ತೀರ್ಮಾನಿಸಿದರು. ಓಡುವ ಹಾಗಾದರೆ ನಾಗಮಂಗಲದ ವ್ಯಾಪಾರಿಯೊಬ್ಬರು ಕೊಳ್ಳುತ್ತಾರೆ. ಇಲ್ಲದಿದ್ದರೆ ಗುಜರಿಯವನು ತುಂಡು ಮಾಡಿ ಒಯ್ಯುತ್ತಾನೆ. ಹೋಗುವುದಾದರೆ ಇಡಿಯಾಗಿಯೇ ಹೋಗಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಕಾರು ರಿಪೇರಿ ಮಾಡುವ ಗಂಜಾಂನ ಮಿಸ್ತ್ರಿ ಹುಸೇನ್ ಸಾಬರು ರೈಲಿನಲ್ಲಿ ಅಕ್ಕಿಹೆಬ್ಬಾಳಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಬಂದರು. ಹಳೆಯ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ತೊಳೆದು, ಪ್ಲಗ್ಗುಗಳನ್ನು ಉಜ್ಜಿದರು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಸಲೀಸಾಗಿ ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ. ಪ್ಲಗ್ಗುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಸತ್ತಿತ್ತು.

"ಎಂಗೈತೆ ಸಾಬ್ರೇ ನಮ್ಮೆತ್ತು?" ಎಂದರು ಪಟೇಲರು.

"ಎತ್ತಾಗಿದ್ರೆ ಒದೀತಾದ್ರೂ ಇತ್ತು ಪಟೇಲ್ರೇ. ಇದಕ್ಕೆ ಏನ್ ಮಾಡಿದ್ರಿ?"

"ಏನೂ ಇಲ್ಲ ಕಣಪ್ಪ. ಆಯುಧಪೂಜೇಲಿ ಎತ್ತಿನ್ ಜೊತೆ ಇದ್ಕೂ ಮೈ ತೊಳ್ಸಿದ್ವಿ. ಬಿಂದಿಗೆಗಟ್ಲೆ ನೀರು!"

ಸಾಬರು ತಲೆ ಚಚ್ಚಿಕೊಂಡರು. "ಯಾ ಅಲ್ಲಾ! ಬಾನೆಟ್ ಎತ್ತಿ ಒಳಕ್ಕೂ ಉಯ್ದ್ರಾ?"

ಪಟೇಲರ ಎದುರು ಅದುವರೆಗೆ ನಾನು ಬಾಯಿ ಬಿಟ್ಟವಳಲ್ಲ. ಬಾಗಿಲ ಹಿಂದಿನಿಂದಲೇ ಹೇಳಿದೆ: "ಒಳಕ್ಕೂ ಉಯ್ದ್ರು ಸ್ವಾಮಿ. ನಮ್ಮನೆಯೋರಿದ್ದಾಗ ತೊಳ್ಯೋಕ್ ಮೊದ್ಲು ಆ ಮ್ಯಾಗ್ನೆಟೋಗೆ ಮೇಣದ್ ಬಟ್ಟೆ ಕಟ್ಟೋರು."

ಸಾಬರು ಮ್ಯಾಗ್ನೆಟೋ ಬಿಚ್ಚಿ ನನ್ನ ಕೈಗೇ ಕೊಟ್ಟರು. "ಒಲೆ ಪಕ್ಕ ಮಡಗಿ ಅಕ್ಕ, ಒಳಗಿನ ತೇವ ಆರ್ಲಿ. ಬೆಚ್ಚಗಿರ್ಲಿ, ಸುಡಬಾರ್ದು. ಒಳಗಿನ ತಂತಿ ಸುರುಳಿಗೆ ಬಳ್ದಿರೋ ಅರಗು ಕರಗಿದ್ರೆ ಮುಗೀತು."

ಎರಡು ದಿನ ಒಲೆಯ ಉರಿ ತಗ್ಗಿಸಿಯೇ ಅಡುಗೆ ಮಾಡಿದೆ. ಸಾರಿಗೆ ಒಗ್ಗರಣೆ ಹಾಕುವುದು, ಕೈಯೊರೆಸಿಕೊಂಡು ಅದನ್ನು ಮುಟ್ಟಿ ನೋಡುವುದು, ಮಗ್ಗುಲು ತಿರುಗಿಸುವುದು. ಬಿಸಿಗೆ ಅದರಿಂದ ಗ್ರೀಸಿನ ವಾಸನೆ ಏಳುತ್ತಿತ್ತು. ಸಂಜೆ ನಿಮ್ಮ ತಾತ ಮನೆಗೆ ಬಂದಾಗ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ. ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಸಾಬರು ಅದನ್ನು ಕೂರಿಸಿ ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಓಡತೊಡಗಿತು. ಕೋಳಿಗಳು ದಿಕ್ಕಾಪಾಲಾದವು.

"ಬದುಕ್ಬುಡ್ತು ಕಣ್ಲಾ!" ಎಂದು ಪಟೇಲರು ಕೂಗಿದರು.

ಸಾಬರೇ ಅದನ್ನು ನಾಗಮಂಗಲಕ್ಕೆ ಒಯ್ಯಬೇಕಿತ್ತು. "ಕೆರೆ ಏರಿ ಗಂಟ ಕುಂತ್ಕಳಿ ಅಕ್ಕ," ಎಂದರು. ನಾನು ಪಟೇಲರ ಮುಖ ನೋಡಿದೆ. "ಓಗವ್ವ, ನಿನ್ ಗಂಡ ಓಡ್ಸಿದ್ ಗಾಡಿ," ಎಂದರು. ಅವರಿದ್ದಾಗ ಒಂದು ದಿನವೂ ನಾನು ಅದರಲ್ಲಿ ಕುಳಿತವಳಲ್ಲ. ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಕುಳಿತೆ. ಏರಿ ಇಷ್ಟು ಬೇಗ ಬಂದುಬಿಟ್ಟಿತೇ ಅನ್ನಿಸಿತು. ಇಳಿದು, ಧೂಳು ಅಡಗುವ ತನಕ ನಿಂತಿದ್ದೆ.

ಮಕ್ಕಳೇ, ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಪ್ರೀತಿಯ ವಸ್ತುವನ್ನು ಕಣ್ಣೆದುರು ತುಕ್ಕು ಹಿಡಿಸುವುದಕ್ಕಿಂತ ಓಡಲು ಬಿಡುವುದು ಮೇಲು. ಆದರೆ ಹಾಗೆ ಬಿಟ್ಟ ದಿನ ಕಷ್ಟವಾಗುತ್ತದೆ. ಅಂದು ಮಧ್ಯಾಹ್ನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಈಗಲೂ ತಿಳಿಯದು. ಪಟೇಲರ ಮನೆಯಲ್ಲಿ ಯಾರೂ ಏನೂ ಅನ್ನದೆ ಉಂಡರು.