ವೈನಿಯ ನಕ್ಷೆಯ ಎಡಭಾಗ

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬ್ಯಾಡಗಿಗೆ ಬಂದಿದ್ದೆ. ಅಣ್ಣನ ಹೆಂಡತಿ, ನನ್ನ ವೈನಿ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ನಪಾಸಾಗಿದ್ದರು. ನಮ್ಮ ಓಣಿಯ ಅಂಗನವಾಡಿಗೆ ಶಿಕ್ಷಕಿ ಬೇಕಾಗಿತ್ತು. ಜೂನಿನ ಪರೀಕ್ಷೆ ಪಾಸಾದರೆ ಅರ್ಜಿ ಹಾಕಬಹುದಿತ್ತು. ಇಲ್ಲದಿದ್ದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿಯೇ ಗತಿ.

ಎಷ್ಟು ತೊಳೆದರೂ ಉರಿಯುವ ಆ ಕೈಯಲ್ಲೇ ಪೆನ್ಸಿಲ್ ಹಿಡಿಯುತ್ತಿದ್ದರು. ಬೀಜಗಣಿತ ತಲೆಗೆ ಹತ್ತುತ್ತಿರಲಿಲ್ಲ. ಕಂಸ ಬಿಡಿಸುವಾಗ ಋಣ ಚಿಹ್ನೆ ಕಳೆದುಹೋಗುತ್ತಿತ್ತು. ನಕ್ಷೆ ಮಾತ್ರ ಒಲಿದಿತ್ತು. ವೈ ಸಮ ಎಕ್ಸ್ ವರ್ಗ ಎಂದರೆ ಬಲಗಡೆಯ ಬಿಂದುಗಳನ್ನಷ್ಟೇ ಲೆಕ್ಕ ಹಾಕಿ, ಎಡಗಡೆಯದನ್ನು ರಂಗೋಲಿಯ ಹಾಗೆ ಹೊಂದಿಸಿ ಎಳೆದುಬಿಡುತ್ತಿದ್ದರು. ಬೋಗುಣಿಯಂಥ ಆ ಗೆರೆ ಪ್ರತಿ ಸಲವೂ ಸರಿಯಾಗಿರುತ್ತಿತ್ತು.

ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ವೈನಿ, ಇದು ಅಂಗಳ ಅಲ್ರಿ. ಕಣ್ಣಿಗೆ ಕಂಡದ್ದು ನಂಬಬ್ಯಾಡ್ರಿ. ಕೋಷ್ಟಕ ಏನ್ ಹೇಳತೈತಿ, ಅಷ್ಟ ಹಚ್ಚರಿ."

"ಆತ್ರಿ ಮಾಸ್ತರ್ರ," ಎಂದು ನಕ್ಕರು.

ಉಳಿದ ವಾರವೆಲ್ಲ ಕೋಷ್ಟಕ ತುಂಬಿಸಿದೆ. ಋಣ ಎರಡರ ವರ್ಗ ಒಮ್ಮೆ ನಾಲ್ಕಾಗುತ್ತಿತ್ತು, ಇನ್ನೊಮ್ಮೆ ಋಣ ನಾಲ್ಕು. ನಾನು ರೇಗುತ್ತಿದ್ದೆ, ಅವರು ಅಳಿಸುತ್ತಿದ್ದರು.

ಪರೀಕ್ಷೆ ಹಾವೇರಿಯಲ್ಲಿ. ಮರಳುವ ಬಸ್ಸಿನಲ್ಲಿ ಪ್ರಶ್ನೆಪತ್ರಿಕೆಯ ಹಿಂದೆ ತಾವು ಬರೆದ ನಕ್ಷೆಯನ್ನು ಗೀಚಿ ತೋರಿಸಿದರು. ಕೋಷ್ಟಕದಲ್ಲಿ ಋಣ ಎರಡರ ವರ್ಗ ಋಣ ನಾಲ್ಕಾಗಿ, ಎಡಗಡೆ ಗೆರೆ ಕೆಳಕ್ಕೆ ಬಿದ್ದಿತ್ತು. ಸಮೀಕರಣದ ಉತ್ತರ ಹುಡುಕಲು ಅದರ ಮೇಲೆ ಎಳೆಯಬೇಕಿದ್ದ ಸರಳರೇಖೆ ಅದನ್ನು ಬಲಕ್ಕೆ ಕಡಿದಿತ್ತು, ಎಡಕ್ಕೆ ಮುಟ್ಟಿರಲೇ ಇಲ್ಲ. ಎರಡು ಉತ್ತರ ಬರಬೇಕಾದಲ್ಲಿ ಒಂದೇ ಬಂದಿತ್ತು.

"ಇದು ಹಿಂಗ ಬೀಳೂದಿಲ್ಲ ಅಂತ ನನಗ ಗೊತ್ತಿತ್ತು," ಅಂದರು. "ಅಳಸಾಕ ರಬ್ಬರ್ ತಗೊಂಡಿದ್ದೆ. ಕಣ್ಣ ನಂಬಬ್ಯಾಡ ಅಂದಿದ್ಯಲ್ಲ ನೀ. ಬಿಟ್ಟೆ."



ಮೂರು ಅಂಕದಿಂದ ಹೋಯಿತು ಎಂದು ನನ್ನ ನೆನಪು. ನಾಲ್ಕು ಅಂಕದ ಆ ನಕ್ಷೆಯ ಪ್ರಶ್ನೆಗೆ ಇಷ್ಟು ಚೆನ್ನಾಗಿ ಹೊಂದುವ ಸಂಖ್ಯೆಯನ್ನು ನಾನು ನಂಬಲಾರೆ, ನಾನೇ ಜೋಡಿಸಿಕೊಂಡಿರಬಹುದು. ಬಸ್ಸಿನಲ್ಲಿ ಅವರು ಹಾಗೆ ಅಂದರೋ, ಬರೀ ನಕ್ಷೆ ತೋರಿಸಿ ಸುಮ್ಮನಾದರೋ, ಅದೂ ಖಚಿತವಿಲ್ಲ. ಈಚೆಗೆ ಕೇಳಿದರೆ, ಪರೀಕ್ಷೆಯ ದಿನ ನಾನು ಜೊತೆಗೆ ಬಂದಿದ್ದೇ ನೆನಪಿಲ್ಲ ಎಂದರು.

ಅಂಗನವಾಡಿಗೆ ಬೇರೊಬ್ಬರು ಬಂದರು. ಮುಂದಿನ ಸಲಕ್ಕೆ ಮೊದಲಿನಿಂದ ಹೇಳಿಕೊಡುತ್ತೇನೆ, ನಕ್ಷೆಯನ್ನು ನಿಮ್ಮ ರೀತಿಯಲ್ಲೇ ಬರೆಯಿರಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಅವರು ಗಣಿತದ ಪುಸ್ತಕವನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಾಗಿತ್ತು.