ಹಾರ್ಡ್‌ ಡಿಸ್ಕಿನ ಚೆಕ್ಕುಬಂದಿ

“ಏಯ್, ಅದನ್ನ ಒತ್ಬೇಡ ಕಣೋ!” ಅಪ್ಪ ಬೆನ್ನ ಹಿಂದಿನಿಂದ ಕೂಗಿದರು.

ಚಿಕ್ಕಬಾಣಾವರದ ನಮ್ಮ ಮನೆಯ ಕಂಪ್ಯೂಟರಿಗೆ ವಿಂಡೋಸ್ ಜೊತೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನೂ ಹಾಕುತ್ತಿದ್ದೆ. ಹಾರ್ಡ್ ಡಿಸ್ಕಿನ ಭಾಗಗಳಲ್ಲಿ, ಅಂದರೆ ಪಾರ್ಟಿಷನ್‌ಗಳಲ್ಲಿ, ಖಾಲಿ ಇರುವುದು ಮೂರನೆಯದೆಂದು ನನ್ನ ನೆನಪು. ಅದನ್ನು ಅಳಿಸಲು ಹೊರಟಿದ್ದೆ.

“ಮೂರನೇದ್ರಲ್ಲಿ ನಿಮ್ಮಮ್ಮ ಆಡಿರೋ ಸೋಬಾನೆ ಪದ ಐತೆ.” ಅಪ್ಪ ಕ್ಯಾಲೆಂಡರ್ ಹಾಳೆಯ ಹಿಂಬದಿ ತೋರಿಸಿದರು. ಹಿಂದಿನ ವಾರ ಡಿಸ್ಕ್ ಭಾಗ ಮಾಡುವಾಗ ನಾನು ಹೇಳಿದ್ದನ್ನೆಲ್ಲ ಜಮೀನಿನ ಚೆಕ್ಕುಬಂದಿಯಂತೆ ಬರೆದಿಟ್ಟಿದ್ದರು. “ಪಾರ್ಟಿಷನ್ ಅಂದ್ಮೇಲೆ ಬಾಯ್ ಮಾತು ನಂಬ್ತಾರೇನೋ?”

ತೆರೆದು ನೋಡಿದೆ. ತೀರಿಹೋದ ಅಮ್ಮನ ದನಿ ಅಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ.

ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿಗೇ ಪುರಾವೆ ಕೇಳಿದವರು ಅಪ್ಪ. ಕಂಪ್ಯೂಟರಿನಲ್ಲಿ ಈಗ ವಿಂಡೋಸ್, ಲಿನಕ್ಸ್ ಎರಡೂ ನಡೆಯುತ್ತಿವೆ. ಯಾರು ಹಾಕಿದ್ದೆಂದು ಗೆಳೆಯರು ಕೇಳಿದರೆ ಮೊದಲು ಅಪ್ಪನ ಹೆಸರು ಹೇಳುತ್ತೇನೆ.